ಹಿತ್ತಲ ಕೊಳಕ್ಕೆ ಕಲ್ಲು ಇಳಿಸುವ ಮುಂಚೆ ಒಂದು ನಿಂಬೆಹಣ್ಣು ತನ್ನಿ

ಚಿಕ್ಕಬಳ್ಳಾಪುರದಲ್ಲಿ ಈಗ ಹೊಸ ಮನೆ ಕಟ್ಟಿಸುವ ಮಕ್ಕಳಿಗೆ ಹಿತ್ತಲಲ್ಲಿ ಒಂದು ಕೊಳ ಬೇಕು. ಸಂತೋಷವೇ. ಆದರೆ ಅದಕ್ಕೆ ಸುರಿಯುವುದು ಏನು? ನೆಲಕ್ಕೆ ಹಾಕಿ ಉಳಿದ ಮಾರ್ಬಲ್ ಚೂರು, ಅಡುಗೆಮನೆ ಕಟ್ಟೆಯಲ್ಲಿ ಮಿಕ್ಕ ಕಡಪ ಕಲ್ಲು. ಆಮೇಲೆ ತಾವರೆ ಎಲೆ ಹಳದಿಯಾಯ್ತು, ಅಂಚಿಗೆಲ್ಲ ಬಿಳಿ ಪೊರೆ ಕಟ್ಟಿತು ಅಂತ ನನ್ನ ಹತ್ತಿರ ಬರುತ್ತಾರೆ. ಕಲ್ಲು ಅಂದರೆ ಎಲ್ಲಾ ಒಂದೇನಾ?

ಮಾರ್ಬಲ್, ಕಡಪ, ಶಹಾಬಾದ್ ಮೂರೂ ಸುಣ್ಣದ ಅಂಶದವು. ನೀರಿನಲ್ಲಿ ನಿಧಾನವಾಗಿ ಕರಗುತ್ತವೆ. ಮಳೆನೀರಿಗೆ ಕೊಂಚ ಹುಳಿ ಗುಣ, ಅದರಲ್ಲಿ ಇನ್ನೂ ಜಾಸ್ತಿ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ಬಿಸಿಲಿಗೆ ನೀರು ಆರುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ, ನೀವು ಮತ್ತೆ ಅದೇ ನೀರು ತುಂಬಿಸುತ್ತೀರಿ. ಅದರ ಮೇಲೆ ಸುಣ್ಣದ ಕಲ್ಲು ಬೇರೆ ಬೇಕಾ?

ನಮ್ಮ ಸೀಮೆಯ ಸೈಜುಗಲ್ಲು, ಸಾದರಹಳ್ಳಿ ಕಲ್ಲು ಎಲ್ಲ ಗ್ರಾನೈಟು. ನೀರಿನ ಗುಣ ಕೆಡಿಸುವುದಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲು ನೋಡಿದ್ದೀರಲ್ಲ, ಅಂಥ ಕಲ್ಲು. ಬೆಣಚುಕಲ್ಲೂ ಆಗುತ್ತದೆ. ನಮ್ಮ ಮಾವನವರು ಬಾವಿ ಕಟ್ಟಿಸುವಾಗ ಒಂದೊಂದು ಸೈಜುಗಲ್ಲನ್ನೂ ತಟ್ಟಿ ಸದ್ದು ಕೇಳುತ್ತಿದ್ದರು. ಟಣ್ ಅಂದರೆ ಇಳಿಸಿ, ದಬ್ ಅಂದರೆ ಒಳಗೆ ಸೀಳಿದೆ, ಪಕ್ಕಕ್ಕೆ ಹಾಕಿ ಅನ್ನೋರು. ಅಂಥ ತಾಳ್ಮೆ ಈಗ ಯಾರಿಗಿದೆ?

ನಿಂಬೆಹಣ್ಣಿನ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಕಲ್ಲನ್ನು ತೊಳೆದು ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ರಸ ಹರಿದುಹೋಗುತ್ತದೆ. ಪಾಲಿಶ್ ಇರುವ ಕಡೆ ಬೇಡ, ಒಡೆದ ಮಗ್ಗುಲು ಹುಡುಕಿ. ದಪ್ಪ ಮೊಳೆಯಿಂದ ಅಲ್ಲೇ ಗೀರಿ ಗೀರಿ ಒಂದು ಚಿಟಿಕೆ ಪುಡಿ ಎಬ್ಬಿಸಿ. ಆ ಪುಡಿಯನ್ನು ಊದಿಬಿಡಬೇಡಿ, ಬೇಕಾಗಿರುವುದೇ ಅದು. ಕೆಲವು ಬಿಳಿ ಕಲ್ಲು ಮೇಲೆ ಸುಮ್ನಿದ್ದು ಪುಡಿಯಲ್ಲಿ ಮಾತ್ರ ಗುಟ್ಟು ಬಿಟ್ಟುಕೊಡುತ್ತವೆ. ಹಣ್ಣಾದ ನಿಂಬೆಯ ರಸ ಸೋಸಿ, ನೀರು ಬೆರೆಸದೆ, ಪುಡಿಯ ಮೇಲೆ ತೊಟ್ಟು ತೊಟ್ಟು ಬಿಡಿ. ಬೆಳಕಿಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣವೇ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕಾಯಿರಿ. ಲೋಡಿನಲ್ಲಿ ಎಷ್ಟು ಬಣ್ಣದ ಕಲ್ಲಿದೆಯೋ ಅಷ್ಟಕ್ಕೂ ಹೀಗೇ ಮಾಡಬೇಕು. ಒಂದನ್ನು ನೋಡಿ ಎಲ್ಲಾ ಸರಿ ಅನ್ನುವುದು ಸೋಮಾರಿತನ.

ಅಂದಹಾಗೆ, ಅಡುಗೆಮನೆಯ ಕಡಪ ಕಟ್ಟೆ ಮೇಲೆ ನಿಂಬೆರಸ, ಹುಣಸೆ ನೀರು ಚೆಲ್ಲಿದರೆ ಆಗಲೇ ಒರೆಸಿ. ಆಮೇಲೆ ಬಿಳಿ ಕಲೆ ಅಂತ ಸೋಪು ಹಾಕಿ ಉಜ್ಜಿದರೆ ಹೋಗುವುದಿಲ್ಲ, ಅಲ್ಲಿ ಕಲ್ಲೇ ಸವೆದಿರುತ್ತದೆ.

ಜಲ್ಲಿ ಹಾಕುವುದಾದರೆ ತಿಳಿನೀರು ಬರುವ ತನಕ ತೊಳೆಯಿರಿ. ಕ್ರಷರ್ ಪುಡಿ ಮೀನಿನ ಕಿವಿರಿಗೆ ತೊಂದರೆ. ತುಕ್ಕಿನ ಗೆರೆ ಇರುವ ಕಲ್ಲು, ಬಣ್ಣ ಹಾಕಿದ ಕಲ್ಲು ಬೇಡ. ಕೆಜಿಎಫ್ ಕಡೆಯ ಸೈನೈಡ್ ದಿಬ್ಬಗಳಿಂದ ಕಲ್ಲಾಗಲಿ ಮಣ್ಣಾಗಲಿ ತರಲೇಬೇಡಿ, ಅದು ಚಿನ್ನ ತೆಗೆದು ಬಿಟ್ಟ ವಿಷದ ಪುಡಿ.

ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿದ್ದರೆ ಹೊಸ ಸಿಮೆಂಟೂ ಸುಣ್ಣ ಬಿಡುತ್ತದೆ. ನೀರು ತುಂಬಿಸಿ ಕೆಲವು ದಿನ ಬಿಡಿ, ಚೆಲ್ಲಿ, ಉಜ್ಜಿ, ಮತ್ತೆ ತುಂಬಿಸಿ. ಅಕ್ವೇರಿಯಂ ಅಂಗಡಿಯಲ್ಲಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ನೋಡುವ ಪಟ್ಟಿ ಸಿಗುತ್ತದೆ. 8.5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತ ಮೇಲೆ ಮೀನು ಬಿಡಿ.