ಕುಕ್ಕರ್ ರಬ್ಬರ್ ಕೇಳಿಕೊಂಡು ಬಂದವರು

ಸಾಗರದಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ಅಪ್ಪ ಶುರು ಮಾಡಿದ್ದು. ಗಲ್ಲಾದಲ್ಲಿ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ತಾಮ್ರ, ಹಿತ್ತಾಳೆ, ಸ್ಟೀಲು ತೂಕದ ಲೆಕ್ಕದಲ್ಲಿ ಹೋಗುತ್ತವೆ. ಕುಕ್ಕರ್, ಮಿಕ್ಸಿ, ಗ್ಯಾಸ್ ಒಲೆ ಪೀಸಿನ ಲೆಕ್ಕದಲ್ಲಿ.

ಅಡಿಕೆಗೆ ರೇಟು ಬಂದರೆ ಪಾತ್ರೆ ಅಂಗಡಿಗೂ ಹಬ್ಬ ಅನ್ನುವುದು ಅಪ್ಪನ ಲೆಕ್ಕ. ಅದು ತಪ್ಪಿದ್ದನ್ನು ನಾನು ನೋಡಿರಲಿಲ್ಲ. 2021ರಲ್ಲಿ ರಾಶಿ ಇಡಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸಿಗೆ ಹೋಯಿತು. ಜನರ ಕೈಯಲ್ಲಿ ದುಡ್ಡಿದೆ ಅಂತ ದೀಪಾವಳಿಗೆ ಕುಕ್ಕರ್ ಜಾಸ್ತಿ ತರಿಸಿಟ್ಟೆ. ಹಬ್ಬ ಮುಗಿಯಿತು, ಅಡಿಕೆ ಕೊಯ್ಲು ಶುರುವಾಯಿತು, ಅಟ್ಟದ ಮೇಲಿನ ಕುಕ್ಕರ್ ಡಬ್ಬಿಗಳು ಮಾತ್ರ ಕೆಳಗೆ ಇಳಿಯಲಿಲ್ಲ.

"ಈಗ ಯಾರಿಗೂ ಕಂಪನಿ ಅನ್ನೋ ನಿಯತ್ತಿಲ್ಲ ಮಾರಾಯ್ರೆ, ಎಲ್ಲಿ ನೂರು ರೂಪಾಯಿ ಕಡಿಮೆಯೋ ಅಲ್ಲಿಗೆ ಓಡ್ತಾರೆ." ನಾಲ್ಕು ಜನ ವ್ಯಾಪಾರಸ್ಥರು ಚಹಾ ಕುಡಿಯಲು ನಿಂತರೆ ಇದೇ ಮಾತು. ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಅದು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಒಂದು ಕುಕ್ಕರ್ ರಬ್ಬರಿನಿಂದ.

ತಾಳಗುಪ್ಪದ ಕಡೆಯ ಒಬ್ಬರು ಹಿರಿಯ ಅಮ್ಮ, ಜೊತೆಗೆ ಸೊಸೆ. ಕೈಚೀಲದಿಂದ ಕುಕ್ಕರ್ ಮುಚ್ಚಳ ತೆಗೆದು ಕೌಂಟರ್ ಮೇಲೆ ಇಟ್ಟರು. ರಬ್ಬರ್ ಬೇಕಿತ್ತು. ಮುಚ್ಚಳ ನೋಡಿದರೆ ಹೊಳೆಯುವ ಹೊಸ ಮಾಡೆಲ್ಲು, ನಾನು ಮಾರಿದ್ದಲ್ಲ. ಮೊದಲೇ ತಲೆ ಬಿಸಿಯಾಗಿತ್ತು. "ಆನ್‌ಲೈನಲ್ಲಿ ತಗೊಂಡಿದ್ದಲ್ವಾ? ರಬ್ಬರೂ ಅಲ್ಲೇ ಕೇಳಿ" ಅಂದುಬಿಟ್ಟೆ. ಸೊಸೆ ಮುಖ ಸಣ್ಣ ಮಾಡಿಕೊಂಡಳು. ಅಮ್ಮನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ನಿನ್ನ ಹತ್ರ ತಗಂಡಿದ್ದು ಇದೇ ಕಂಪನೀದೇ ತಮ್ಮಾ. ಹದಿನೆಂಟು ವರ್ಷ ಆತು, ಇನ್ನೂ ಹಾಳಾಗ್ಲಿಲ್ಲೆ. ಅದಕ್ಕೇ ಬೆಂಗ್ಳೂರಿಂದ ಮಗಳು ಕಳಿಸ್ತೆ ಅಂದಾಗ ಇದೇ ಬೇಕು ಅಂದೆ. ಹಾಳಾಗದ ಕುಕ್ಕರ್ ಕೊಟ್ಟೆ, ಮತ್ತೆ ನಿನ್ನ ಅಂಗಡಿಗೆ ಎಂತಕ್ಕೆ ಬರದು?"

ನಗು ಬಂತು, ನಾಚಿಕೆಯೂ ಆಯಿತು. ರಬ್ಬರ್ ಹುಡುಕಿ ಹಾಕಿಕೊಟ್ಟೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು. ಹದಿನೆಂಟು ವರ್ಷ ಒಂದೇ ಕಂಪನಿ. ಮಗಳಿಗೂ ಅದೇ ಹೆಸರು ಹೇಳಿದ್ದಾರೆ. ನಿಯತ್ತು ಅಂದರೆ ಇನ್ನೇನು? ನಿಯತ್ತಿತ್ತು. ನಾನು ಅದರ ದಾರಿಯಲ್ಲಿ ಇರಲಿಲ್ಲ ಅಷ್ಟೇ.

ಮಾರನೇ ದಿನದಿಂದ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಕುಕ್ಕರ್ ಕೇಳಿಕೊಂಡು ಯಾರೇ ಬರಲಿ, ಎರಡು ಗೆರೆ ಬರೆಯುವುದು. ಹೆಸರು ಹೇಳಿ ಕೇಳಿದರಾ, ಸುಮ್ನೆ "ಒಂದು ಒಳ್ಳೇ ಕುಕ್ಕರ್ ಕೊಡಿ" ಅಂದರಾ? ತಗೊಂಡರಾ, ಹಾಗೇ ಹೋದರಾ? ಮೂರು ತಿಂಗಳಲ್ಲಿ 64 ಜನ. ಅವರಲ್ಲಿ 47 ಜನ ಬಾಗಿಲಲ್ಲೇ ಕಂಪನಿ ಹೆಸರು ಹೇಳಿದವರು. ಆ 47ರಲ್ಲಿ ತಗೊಂಡವರು 12. ಉಳಿದವರು ಡಬ್ಬಿ ತಿರುಗಿಸಿ, ಮಾಡೆಲ್ ನಂಬರಿನ ಫೋಟೋ ಹೊಡೆದುಕೊಂಡು, "ಮನೇಲಿ ಕೇಳಿ ಬರ್ತೀವಿ" ಅಂತ ಹೋದರು. ಹೆಸರೇ ಹೇಳದ 17 ಜನರಲ್ಲಿ 15 ಜನ ನಾನು ಕೊಟ್ಟಿದ್ದನ್ನೇ ತಗೊಂಡರು.

ಆ ಪುಟವನ್ನು ನಾಲ್ಕೈದು ಸಲ ನೋಡಿದೆ. ಬ್ರ್ಯಾಂಡ್ ಮೇಲೆ ಪ್ರೀತಿ ಇದ್ದವರೇ ಮೊದಲು ಕೈಬಿಟ್ಟು ಹೋಗಿದ್ದರು! ಕಾರಣ ಕಷ್ಟದ್ದೇನಲ್ಲ. ಮುಟ್ಟಿ ನೋಡದೆ, ತಟ್ಟಿ ನೋಡದೆ ಸಾಮಾನು ತರಿಸಬೇಕು ಅಂದರೆ ಧೈರ್ಯ ಬೇಕು. ಆ ಧೈರ್ಯ ಕೊಡುವುದೇ ಕಂಪನಿ ಹೆಸರು. ಪ್ರೆಸ್ಟೀಜ್ 5 ಲೀಟರ್ ಅಂದರೆ ಸಾಗರದಲ್ಲೂ ಅದೇ, ಶಿವಮೊಗ್ಗದ ಗಾಂಧಿ ಬಜಾರಿನಲ್ಲೂ ಅದೇ, ಫೋನಿನಲ್ಲೂ ಅದೇ. ಇನ್ನು ನೋಡುವುದು ರೇಟು ಒಂದೇ. ಅಲ್ಲಿ ನಾನು ಸೋಲುತ್ತೇನೆ.

ಎಷ್ಟರ ಮಟ್ಟಿಗೆ ಸೋಲುತ್ತೇನೆ ಅಂದರೆ, ಹೇಳಲು ಸಂಕೋಚ, ಒಂದು ಹಬ್ಬದ ಸೇಲಿನಲ್ಲಿ ಕುಕ್ಕರ್ ರೇಟು ನನ್ನ ಹೋಲ್‌ಸೇಲ್ ಬಿಲ್ಲಿಗಿಂತ ಕಡಿಮೆ ಇತ್ತು. ನಾನೇ ಫೋನಿನಲ್ಲಿ ಆರು ಪೀಸ್ ತರಿಸಿ ಅಂಗಡಿಯಲ್ಲಿಟ್ಟೆ. ಬಿಲ್ಲು ನನ್ನ ಹೆಂಡತಿ ಹೆಸರಿಗೆ ಬಂದಿತ್ತು. ಅದನ್ನು ಜಿಎಸ್‌ಟಿ ಲೆಕ್ಕಕ್ಕೆ ಹೊಂದಿಸಲು ಹೋದಾಗ ನಮ್ಮ ಆಡಿಟರ್ ಕೊಟ್ಟ ಮಂಗಳಾರತಿ ಇನ್ನೂ ನೆನಪಿದೆ. ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ.

ಫ್ಲಿಪ್‌ಕಾರ್ಟ್ 2014ರ ಅಕ್ಟೋಬರಿನಲ್ಲಿ ಮೊದಲ ಸಲ ಬಿಗ್ ಬಿಲಿಯನ್ ಡೇ ಮಾಡಿದಾಗ ನಾವು ಇಲ್ಲಿ ನಕ್ಕಿದ್ದೆವು. ನೆಟ್‌ವರ್ಕೇ ಸಿಗದ ಊರಿನವರು ಆರ್ಡರ್ ಎಲ್ಲಿ ಮಾಡುತ್ತಾರೆ ಅಂತ. 2020ರ ಫೆಬ್ರವರಿಯ ಮಾರಿಕಾಂಬಾ ಜಾತ್ರೆಯಲ್ಲೂ ವ್ಯಾಪಾರ ಚೆನ್ನಾಗಿಯೇ ಇತ್ತು. ಮುಂದಿನ ತಿಂಗಳೇ ಲಾಕ್‌ಡೌನ್. ಬೆಂಗಳೂರಿನ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು ಕೂತರು. ಅಡುಗೆ ಮನೆಯಲ್ಲಿ ಏನು ಹಾಳಾದರೂ ಅವರ ಫೋನಿನಲ್ಲೇ ಆರ್ಡರ್. ಅವರು ವಾಪಸ್ ಹೋದರೂ ಆ ಅಭ್ಯಾಸ ಹೋಗಲಿಲ್ಲ. ಬಳಸುವವರು ಅಮ್ಮ, ದುಡ್ಡು ಕಟ್ಟುವವರು ಮಗಳು. ಹೆಸರು ಮಾತ್ರ ಅಮ್ಮ ಹೇಳಿದ್ದೇ.

ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನುವುದು ಜನರಿಗೆ ಬೇಕಾಗಿಲ್ಲ. ಪ್ರೀತಿ ಮಿಕ್ಸಿಯ ಕಂಪನಿಯನ್ನು 2011ರಲ್ಲಿ ಫಿಲಿಪ್ಸ್ ಕೊಂಡುಕೊಂಡಿತು. ಬಟರ್‌ಫ್ಲೈ ಕಂಪನಿಯ ಹೆಚ್ಚಿನ ಪಾಲು 2022ರಲ್ಲಿ ಕ್ರಾಂಪ್ಟನ್ ಕೈಗೆ ಹೋಯಿತು. ನನ್ನ ಕೌಂಟರಿನಲ್ಲಿ ಒಬ್ಬರೂ ಆ ಬಗ್ಗೆ ಕೇಳಿದವರಿಲ್ಲ. ಡಬ್ಬಿಯ ಮೇಲೆ ಹೆಸರು ಅದೇ ಇರಬೇಕು, ಅಷ್ಟು ಸಾಕು. ಸುಮೀತ್ ಕಥೆ ಇದರ ಉಲ್ಟಾ. ಎಂಬತ್ತರ ದಶಕದಲ್ಲಿ ಮಿಕ್ಸಿ ಅಂದರೆ ಸುಮೀತ್. ಈಗಲೂ ವರ್ಷಕ್ಕೆ ಒಬ್ಬರಿಬ್ಬರು ಹಳೇ ಸುಮೀತ್ ಜಾರು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ. "ಇದರ ಬ್ಲೇಡ್ ಸಿಕ್ಕಿದ್ರೆ ಸಾಕಿತ್ತು, ಹೊಸ ಮಿಕ್ಸಿ ಬೇಡ." ಅವರ ನಿಯತ್ತಿಗೆ ಕೊಡಲು ನನ್ನ ಹತ್ತಿರ ಬ್ಲೇಡ್ ಇಲ್ಲ.

ಎಲ್ಲದಕ್ಕೂ ಹೀಗೇ ಅಂತಲ್ಲ. ನೀರಿನ ಬಾಟಲಿ, ಟಿಫಿನ್ ಡಬ್ಬಿ, ನಾನ್‌ಸ್ಟಿಕ್ ಬಾಣಲೆಗೆ ಕಂಪನಿ ಕೇಳುವವರು ಕಡಿಮೆಯಾಗಿದ್ದಾರೆ. ಬಾಯಲ್ಲಿ ಹೇಳಲೂ ಬರದ ಹೆಸರು, ಕೆಳಗೆ ನಾಲ್ಕೂವರೆ ಸ್ಟಾರು, ತಗೋ ಆರ್ಡರ್. ನನ್ನ ಅಂದಾಜು ಇಷ್ಟು: ಒಲೆಯ ಮೇಲೆ ಸಿಡಿಯಬಹುದು ಅನ್ನುವ ಭಯ ಇರುವ ಸಾಮಾನಿಗೆ ಜನ ಹಳೇ ಹೆಸರು ಬಿಡುವುದಿಲ್ಲ. ಸಿಡಿಯದ ಸಾಮಾನಿಗೆ ಸ್ಟಾರ್ ಸಾಕು.

ಹಾಗಾದರೆ ನಾನು ಏನು ಮಾಡಿದೆ?

ಮೊದಲು ಕುಕ್ಕರ್ ಸ್ಟಾಕ್ ಅರ್ಧಕ್ಕಿಂತ ಕಡಿಮೆ ಮಾಡಿದೆ. ಆ ಜಾಗದಲ್ಲಿ ಸ್ಪೇರ್ ಪಾರ್ಟಿನ ಕಪಾಟು ಬಂತು. ಬಿಸ್ಕತ್ತಿನ ಹಳೇ ಡಬ್ಬಿಗಳ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿದೆ: ರಬ್ಬರು, ವಿಷಲ್, ಸೇಫ್ಟಿ ವಾಲ್ವು, ಹಿಡಿ, ಮಿಕ್ಸಿ ಕಪ್ಲರ್, ಕಾರ್ಬನ್ ಬ್ರಷ್. ಸುಲಭ ಅಂದುಕೊಂಡಿದ್ದೆ. ಮೊದಲ ವರ್ಷ ತಂದ ರಬ್ಬರಿನಲ್ಲಿ ಸುಮಾರು ಕೂರದೇ ವಾಪಸ್ ಬಂದವು. ಲೀಟರ್ ಒಂದೇ ಇದ್ದರೆ ರಬ್ಬರೂ ಒಂದೇ ಅನ್ನುವುದು ನನ್ನ ದಡ್ಡತನ. ಹಾಕಿನ್ಸ್ ಮುಚ್ಚಳ ಪಾತ್ರೆಯ ಒಳಗೆ ಇಳಿದು, ಹಬೆ ಒತ್ತಿದಷ್ಟೂ ಬಿಗಿಯಾಗುತ್ತದೆ. ಹೊರಗಿನಿಂದ ಕೂರುವ ಮುಚ್ಚಳಕ್ಕೆ ರಬ್ಬರು ಅಂಚಿನ ಒಳಗೆ ಕೂರಬೇಕು. ಅಂಥ ಕೆಲವು ಮುಚ್ಚಳಗಳ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ನೋಡಿದ್ದೀರಾ? ವಿಷಲ್ ತೂತು ಬೇಳೆಯಿಂದ ಕಟ್ಟಿಕೊಂಡು ಒತ್ತಡ ಮೇಲೇರಿದರೆ ರಬ್ಬರು ಆ ಕಿಂಡಿಯಿಂದ ಉಬ್ಬಿ ಹಬೆ ಹೊರಗೆ ಬಿಡಲಿ ಅಂತ. ಅಲ್ಲಿ ಅಗ್ಗದ ದಪ್ಪ ರಬ್ಬರ್ ತುರುಕಿದರೆ ಅದು ಸಮಯಕ್ಕೆ ಉಬ್ಬುತ್ತದೆ ಅಂತ ನಾನು ನಂಬುವುದಿಲ್ಲ. ಇದು ತಿಳಿದ ಮೇಲೆ ನಕಲಿ ರಬ್ಬರ್ ಇಡುವುದನ್ನೇ ನಿಲ್ಲಿಸಿದೆ. ನೂರು ರೂಪಾಯಿಯ ಜಾಗದಲ್ಲಿ ನಲವತ್ತರದ್ದು ಕೇಳಿದವರಿಗೆ ಇಲ್ಲ ಅನ್ನುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ.

ಇಲ್ಲಿ ಒಂದು ತಮಾಷೆ ಇದೆ. ಕಂಪನಿ ಮೇಲಿನ ನಿಯತ್ತು ನನ್ನ ಕುಕ್ಕರ್ ವ್ಯಾಪಾರ ತಿಂದಿತು. ಅದೇ ನಿಯತ್ತು ಈಗ ರಬ್ಬರಿನ ವ್ಯಾಪಾರ ಕೊಡುತ್ತಿದೆ. ಕುಕ್ಕರ್ ಒಂದಕ್ಕೆ ಹದಿನೆಂಟು ವರ್ಷ, ರಬ್ಬರಿಗೆ ವರ್ಷ, ಒಂದೂವರೆ ವರ್ಷ.

ಎರಡನೆಯದು, ರಿಪೇರಿಗೆ ಬಂದವರನ್ನು "ಎಲ್ಲಿ ತಗೊಂಡಿದ್ದು" ಅಂತ ಕೇಳುವುದನ್ನು ಬಿಟ್ಟೆ. ಬರೆಯಲು ಒಂದೇ ಸಾಲು, ಬಿಡಲು ಆರು ತಿಂಗಳು ಬೇಕಾಯಿತು. ನಾಲಿಗೆ ತುದಿಗೆ ಬಂದುಬಿಡುತ್ತಿತ್ತು. ರಬ್ಬರ್ ಹಾಕಿಕೊಡಲು ದುಡ್ಡಿಲ್ಲ. ಹಿಡಿ ಬದಲಾಯಿಸಲು ಮೂವತ್ತು, ಮಿಕ್ಸಿ ಜಾರಿನ ಬುಷ್ ಹಾಕಲು ಐವತ್ತು.

ತೂಕದ ಮಾಲಿನ ಕಡೆ ಏನೂ ಮಾಡಬೇಕಾಗಲಿಲ್ಲ. ಅದು ಎಲ್ಲಿಗೂ ಹೋಗಿರಲೇ ಇಲ್ಲ. ಬಚ್ಚಲ ಒಲೆಗೆ ಇಡುವ ತಾಮ್ರದ ಹಂಡೆ, ಕಬ್ಬಿಣದ ದೋಸೆ ಕಾವಲಿ, ಮೆಟ್ಟುಗತ್ತಿ. ಇವಕ್ಕೆ ಕಂಪನಿಯೇ ಇಲ್ಲ. ಹೆಸರಿಲ್ಲದ ಸಾಮಾನನ್ನು ಫೋನಿನಲ್ಲಿ ಹುಡುಕುವುದು ಹೇಗೆ? ಹಂಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಎತ್ತಿ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ನಮ್ಮ ಅಡಿಕೆಯೂ ಹೀಗೇ ಅಲ್ವಾ? ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ದರ್ಜೆ ಇದೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸಿಗೆ ಹೋದರೂ ಮಂಡಿಗೆ ಹೋದರೂ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡದೆ ರೇಟು ಹೇಳುವುದಿಲ್ಲ. ಬೆಳೆದವನ ಹೆಸರು ಮೂಟೆ ದಾಟಿ ಮುಂದೆ ಹೋಗುವುದಿಲ್ಲ.

ಇನ್ನೊಂದು ಉಳಿದಿದ್ದು, ಹೆಸರು ಕೆತ್ತುವುದು. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಕು. ಅಪ್ಪ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೆತ್ತುತ್ತಿದ್ದರು, ನನ್ನದು ಕರೆಂಟಿನ ಪೆನ್ನು. ಆನ್‌ಲೈನಿನಲ್ಲಿ ತರಿಸಿದ ಡಿನ್ನರ್ ಸೆಟ್ಟನ್ನೂ ಹೊತ್ತು ತರುತ್ತಾರೆ. ಕಂಪನಿ ಹೆಸರು ತಟ್ಟೆಯ ಹಿಂದೆ, ಚಿಕ್ಕಪ್ಪನ ಹೆಸರು ಮುಂದೆ! ಒಂದು ತಟ್ಟೆಗೆ ಹತ್ತು ರೂಪಾಯಿ. ಮಳೆಗಾಲದಲ್ಲಿ ಕರೆಂಟು ಹೋಗಿ ಹೋಗಿ ಬರುವಾಗ ಅಕ್ಷರ ಸೊಟ್ಟ ಆಗುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಲಾಭ ಹೇಗಿದೆ ಅಂದರೆ, ವಹಿವಾಟು ಇಳಿದಿದೆ. ಸುಳ್ಳು ಹೇಳುವುದಿಲ್ಲ. ಒಂದು ಕುಕ್ಕರ್ ಮಾರಿದಾಗ ಬರುತ್ತಿದ್ದ ದುಡ್ಡಿಗೆ ಈಗ ಆರೇಳು ರಬ್ಬರ್ ಹಾಕಬೇಕು. ಆದರೆ ಸ್ಟಾಕಿಗೆ ಹಾಕಿದ ದುಡ್ಡು ಕಡಿಮೆ, ಬಡ್ಡಿ ಕಡಿಮೆ. ಅಟ್ಟದ ಮೇಲೆ ಕೂತು ನನ್ನನ್ನು ನೋಡುವ ಡಬ್ಬಿಗಳೂ ಕಡಿಮೆ. ಇಬ್ಬರು ಹುಡುಗರಿದ್ದ ಜಾಗದಲ್ಲಿ ಒಬ್ಬನಿದ್ದಾನೆ. ಇನ್ನೊಬ್ಬ ಹೋಗಿ ಕೊರಿಯರ್ ಕೆಲಸಕ್ಕೆ ಸೇರಿದ.

ಅವನಿಂದಲೇ ಈಗಿನ ಹೊಸ ಪದ್ಧತಿ ಶುರುವಾಗಿದ್ದು. ಘಟ್ಟದ ಕಡೆ ಒಂಟಿ ಮನೆಗಳು. ಅಷ್ಟು ದೂರ ಬೈಕಿನಲ್ಲಿ ಹೋದರೆ ಮನೆಯವರು ತೋಟದಲ್ಲಿ, ಫೋನ್ ಹೋಗುವುದಿಲ್ಲ. "ಅಣ್ಣಾ, ನಿಮ್ಮಲ್ಲೇ ಇಟ್ಟು ಹೋಗ್ಲಾ? ಅವ್ರೇ ಹೇಳಿದಾರೆ, ಪೇಟೆಗೆ ಬಂದಾಗ ತಗೋತಾರಂತೆ" ಅಂತ ಒಂದು ದಿನ ಕೇಳಿದ. ಮೊದಲು ಉರಿ ಹತ್ತಿತು. ನನ್ನ ಅಂಗಡಿಯಲ್ಲೇ ಅವರ ಗೋಡೌನಾ? ಆಮೇಲೆ ಇರಲಿ ಅಂದೆ. ಈಗ ಕೌಂಟರ್ ಪಕ್ಕದಲ್ಲಿ ಯಾವಾಗಲೂ ನಾಲ್ಕೈದು ಪಾರ್ಸೆಲ್ ಇರುತ್ತವೆ. ಎತ್ತಿದರೆ ಸಾಕು, ಕುಕ್ಕರ್ ಅಂತ ಕೈಗೆ ಗೊತ್ತಾಗುತ್ತದೆ.

ಹೋದ ವಾರ ಹೊಳೆಯಾಚೆಯ ಹೆಗಡೇರು ಬಂದರು. ಪಾರ್ಸೆಲ್ ಕೈಗೆ ಕೊಟ್ಟರೆ ಅಲ್ಲೇ ಬೆಂಚಿನ ಮೇಲೆ ಕೂತು ಬಿಚ್ಚಿದರು. "ಮಗ ಕಳಿಸಿದ್ದ. ಸರಿ ಇದ್ದಾ ನೋಡು ಮಾರಾಯ."

ತಿರುಗಿಸಿ ಮೊದಲು ಐಎಸ್‌ಐ ಮಾರ್ಕು ಹುಡುಕಿದೆ. 2021ರ ಫೆಬ್ರವರಿ 1ರಿಂದ ಮನೆ ಬಳಕೆಯ ಕುಕ್ಕರಿಗೆ ಅದು ಕಡ್ಡಾಯ. ಮಾರ್ಕಿಲ್ಲದ ಕುಕ್ಕರ್‌ಗಳ ಮಾರಾಟಕ್ಕೆ ಎಡೆ ಮಾಡಿಕೊಟ್ಟದ್ದಕ್ಕೆ 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ಆನ್‌ಲೈನ್ ಕಂಪನಿಗಳಿಗೇ ದಂಡ ಹಾಕಿತ್ತು. ಹಾಗಾಗಿ ನೋಡುವುದು ಒಳ್ಳೆಯದು. ಇದರಲ್ಲಿ ಮಾರ್ಕಿತ್ತು. ಐಎಸ್ 2347 ಅನ್ನುವ ನಂಬರೂ ಇತ್ತು. ರಬ್ಬರ್ ತೆಗೆದು ಮತ್ತೆ ಕೂರಿಸಿದೆ. ಒಳಗೆ ಎರಡು ಲೋಟ ನೀರು ಹಾಕಿ ನಮ್ಮ ಚಹಾದ ಒಲೆಯ ಮೇಲಿಟ್ಟೆ. ಮೂರು ವಿಷಲ್ ಸರಿಯಾಗಿ ಹೊಡೆಯಿತು.

"ಲಾಯ್ಕಿದ್ದು" ಅಂದೆ.

"ನಿನ್ನ ಹತ್ರ ಇದೇ ಇತ್ತಾ?"

"ಇತ್ತು."

"ಎಷ್ಟು?"

ಹೇಳಿದೆ. ಮಗ ಕೊಟ್ಟಿದ್ದಕ್ಕಿಂತ ಇನ್ನೂರ ಎಂಬತ್ತು ಜಾಸ್ತಿ. ಹೆಗಡೇರು ಸ್ವಲ್ಪ ಹೊತ್ತು ಕುಕ್ಕರ್ ನೋಡಿದರು, ಆಮೇಲೆ ಜೇಬಿಗೆ ಕೈ ಹಾಕಿದರು.

"ಇದಕ್ಕೆ ಎರಡು ರಬ್ಬರ್ ಈಗ್ಲೇ ಕೊಟ್ಬಿಡು. ಮಳೆಗಾಲದಲ್ಲಿ ಯಾರು ಬರ್ತ."