ಮೊದಲು ಸ್ವಿಚ್ ಆರುತ್ತಾ ನೋಡಿ

ಲ್ಯಾಬಿಗೆ ಹೊಸದಾಗಿ ಬಂದವರು ನನ್ನನ್ನು ಕೇಳೋದು ಒಂದೇ: "ಮೇಡಂ, ಜಿಎಫ್‌ಪಿ ಎಷ್ಟು ಹೊಳೆಯುತ್ತೆ?" ಜಿಎಫ್‌ಪಿ ಅಂದರೆ ಹಸಿರಾಗಿ ಹೊಳೆಯುವ ಪ್ರೋಟೀನು; ಬ್ಯಾಕ್ಟೀರಿಯಾದಲ್ಲಿ ಜೀನನ್ನು ಹಚ್ಚಿ ಆರಿಸುವ ಸ್ವಿಚ್ ಕಟ್ಟಿದಾಗ ಅದು ಹತ್ತಿದೆಯಾ ಅಂತ ತೋರಿಸೋದು ಇದರ ಹೊಳಪು. ಹೊಳೆಯೋದು ಆಮೇಲೆ. ಮೊದಲು ಸ್ವಿಚ್ ಪೂರ್ತಿ ಆರುತ್ತಾ ನೋಡಿ.

ಶುರುವಿಗೆ ಟೆಟ್‌ಆರ್ ಒಳ್ಳೆಯದು. ಇದೊಂದು ರಿಪ್ರೆಸರ್, ಅಂದರೆ ಜೀನನ್ನು ಅದುಮಿಡುವ ಪ್ರೋಟೀನು; ಜೀನಿನ ಮುಂದಿರುವ ಟೆಟ್‌ಒ ಎಂಬ ಡಿಎನ್‌ಎ ತುಣುಕನ್ನು ಹಿಡಿದು ಕೂರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಜೀನನ್ನು ಓದುವ ಆರ್‌ಎನ್‌ಎ ಪಾಲಿಮರೇಸ್ ಬಂದರೂ ಜಾಗ ಇಲ್ಲ. ಎಟಿಸಿ (ಅನ್‌ಹೈಡ್ರೊಟೆಟ್ರಾಸೈಕ್ಲಿನ್ ಎಂಬ ರಾಸಾಯನಿಕ) ಹಾಕಿದರೆ ಅದು ಟೆಟ್‌ಆರ್‌ಗೆ ಅಂಟಿಕೊಳ್ಳುತ್ತದೆ, ಹಿಡಿತ ಸಡಿಲಾಗುತ್ತದೆ, ಜೀನು ಕೆಲಸ ಶುರುಮಾಡುತ್ತದೆ.

ಲ್ಯಾಕ್‌ಐ ಎಂಬ ಇನ್ನೊಂದು ರಿಪ್ರೆಸರ್ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮೊದಲೇ ಇದೆಯಲ್ಲ, ಅದೇ ಸಾಕಲ್ವಾ? ಸಾಲದು. ಒಂದು ಕೋಶದಲ್ಲಿ ಅದು ಇರೋದು ಸುಮಾರು 10 ಟೆಟ್ರಾಮರ್, ಅಂದರೆ ನಾಲ್ಕು ತುಂಡು ಸೇರಿದ ಗುಂಪು. ನಿಮ್ಮ ಪ್ಲಾಸ್ಮಿಡ್ (ನೀವು ಕೋಶಕ್ಕೆ ಹಾಕುವ ಡಿಎನ್‌ಎ ಉಂಗುರ) ನೂರಾರು ಪ್ರತಿ ಇದ್ದರೆ ಅಷ್ಟು ಸೀಟಿಗೆ ಟವೆಲ್ ಎಲ್ಲಿಂದ ತರೋದು? ಲೀಕ್ ಆಗುತ್ತದೆ, ಅಂದರೆ ಆರಿದ್ದಾಗಲೂ ಜೀನು ಸ್ವಲ್ಪ ಕೆಲಸ ಮಾಡುತ್ತದೆ. ರಿಪ್ರೆಸರ್ ಜೀನನ್ನೂ ನೀವೇ ಹಾಕಬೇಕು.

ನಾಲ್ಕು ಟ್ಯೂಬ್ ಇಡಿ. ಜಿಎಫ್‌ಪಿ ಇಲ್ಲದ ಕೋಶ, ರಿಪ್ರೆಸರ್ ಇಲ್ಲದ ಜಿಎಫ್‌ಪಿ, ಎಟಿಸಿ ಇಲ್ಲದ ಸ್ವಿಚ್, ಎಟಿಸಿ ಹಾಕಿದ ಸ್ವಿಚ್. ಮೂರನೆಯದು ಮೊದಲನೆಯದರ ಹತ್ತಿರ ಇರಬೇಕು, ನಾಲ್ಕನೆಯದು ಎರಡನೆಯದರ ಹತ್ತಿರ. ಓದಿದ ಹೊಳಪನ್ನು ಒಡಿ 600ರಿಂದ (ಕೋಶಗಳು ಎಷ್ಟು ಬೆಳೆದಿವೆ ಎನ್ನುವ ಅಳತೆ) ಭಾಗಿಸಿ, ಇಲ್ಲದಿದ್ದರೆ ಜಾಸ್ತಿ ಬೆಳೆದ ಟ್ಯೂಬೇ ಜಾಸ್ತಿ ಹೊಳೆದಂತೆ ಕಾಣುತ್ತದೆ. ಎಟಿಸಿಯನ್ನು ಮಿಲಿಲೀಟರಿಗೆ 0ಯಿಂದ 100 ನ್ಯಾನೋಗ್ರಾಂವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಸುಮ್ನೆ ಸುರಿಯಬೇಡಿ, ಜಾಸ್ತಿಯಾದರೆ ಕೋಶಗಳೇ ಸೊರಗುತ್ತವೆ.

ಎಟಿಸಿಗೆ ಬೆಳಕು ಆಗೋಲ್ಲ. ನಾನು ಒಂದು ಸಲ ಟ್ಯೂಬನ್ನು ಕಿಟಕಿ ಪಕ್ಕದ ಬೆಂಚಿನ ಮೇಲೆ ಬಿಟ್ಟು, ವಾರವಿಡೀ ಪ್ಲಾಸ್ಮಿಡ್ಡನ್ನೇ ಬೈದಿದ್ದೆ. ಫಾಯಿಲ್ ಸುತ್ತಿಡಿ.

ಇನ್ನು ಆರಿಸೋದು. ಕೋಶಗಳನ್ನು ತೊಳೆದು ಎಟಿಸಿ ಇಲ್ಲದ ಮೀಡಿಯಾಗೆ ಹಾಕಿದರೂ ಹೊಳಪು ತಕ್ಷಣ ಇಳಿಯೋಲ್ಲ. ಸ್ವಿಚ್ ಕೆಟ್ಟಿದೆ ಅಂದುಕೊಳ್ಳಬೇಡಿ. ಜಿಎಫ್‌ಪಿ ಗಟ್ಟಿ ಪ್ರೋಟೀನು, ಕೋಶ ಒಡೆದು ಎರಡಾದಾಗಲೆಲ್ಲ ಅರ್ಧರ್ಧ ಹಂಚಿಹೋಗಬೇಕು. ಬೇಗ ಇಳಿಯಬೇಕಿದ್ದರೆ ಅದರ ಬಾಲಕ್ಕೆ ಎಸ್‌ಎಸ್‌ಆರ್‌ಎ ಟ್ಯಾಗ್ ಸೇರಿಸಿ, ಕೋಶವೇ ಅರೆದುಹಾಕುತ್ತದೆ.

ಇಷ್ಟು ಬಂದಮೇಲೆ ಟಾಗಲ್‌ಗೆ ಕೈ ಹಾಕಿ: ಎರಡು ರಿಪ್ರೆಸರ್, ಒಂದನ್ನೊಂದು ಅದುಮುತ್ತವೆ, ಹಾಗಾಗಿ ಸ್ವಿಚ್ಚನ್ನು ಯಾವ ಕಡೆ ತಿರುಗಿಸಿದರೆ ಆ ಕಡೆಯೇ ನಿಲ್ಲುತ್ತದೆ. 2000ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಇದನ್ನು ಕಟ್ಟಿದರು. ಅವರ ಪ್ಲಾಸ್ಮಿಡ್‌ಗಳಲ್ಲೂ ಒಂದು ಎರಡೂ ಕಡೆ ನಿಲ್ಲಲಿಲ್ಲ. ಅದು ಟೆಟ್‌ಆರ್ ಹಾಕಿ ಕಟ್ಟಿದ್ದು.