ಮೊದಲ ಏರ್ ರೈಫಲ್: ಯಾವುದು ತಗೊಳ್ಳಬೇಕು, ಯಾವಾಗ ಬಿಚ್ಚಬೇಕು

ಅಂಗಡಿಗೆ ಹೋಗಿ "ಅಣ್ಣ, ಒಳ್ಳೇ ಪವರ್ ಇರೋದು ಕೊಡಿ" ಅಂತ ಕೇಳಿದರೆ ಅವರು ಖುಷಿಯಾಗಿ ಕೊಡುತ್ತಾರೆ, ನೀವು ಖುಷಿಯಾಗಿ ತರುತ್ತೀರಿ, ಮೂರು ವಾರ ಹಿತ್ತಲಲ್ಲಿ ಡಬ್ಬ ಉರುಳಿಸುತ್ತೀರಿ, ಆಮೇಲೆ ಅದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ನನ್ನ ಮೊದಲ ಗನ್ನಿನ ಕಥೆಯೂ ಇದೇ. ಪವರ್ ನೋಡಿ ತಗೊಂಡೆ, ಸಾಲದು ಅಂತ ಬಿಚ್ಚಿದೆ, ಕೆಡಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸೋಣ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು, ಅಂದರೆ 4.5 ಮಿ.ಮೀ. ನಳಿಗೆ ಇರುವ, ಗುಂಡಿನ ಶಕ್ತಿ 20 ಜೂಲ್ ಒಳಗಿರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ, ವಿಳಾಸದ ಪುರಾವೆ ತಗೊಂಡು ಹೋಗಿ, ಬಿಲ್ ಜೋಪಾನ ಮಾಡಿ. ಮದ್ದಿನ ಗುಂಡು ಹಾರಿಸುವ .22 ರೈಫಲ್ ಬೇರೆಯೇ ವಿಷಯ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ. ಅವರ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿ ಬಂದು "ನಂಗೂ .22 ಬೇಕು" ಅನ್ನುವ ಗೆಳೆಯರು ನನಗೆ ಇಬ್ಬರಿದ್ದಾರೆ. ಇಬ್ಬರಿಗೂ ನಾನು ಹೇಳಿದ್ದು ಒಂದೇ: ಮೊದಲು 10 ಮೀಟರ್‌ನಲ್ಲಿ ಏರ್ ರೈಫಲ್ ಹಿಡಿದು ಒಂದು ವರ್ಷ ನಿಲ್ಲಿ, ಉಳಿದದ್ದು ಆಮೇಲೆ ನೋಡೋಣ.

ಇನ್ನೊಂದು, ತೋಟಕ್ಕೆ ಬರುವ ಮಂಗ, ಹಕ್ಕಿ ಹೊಡೆಯೋಕೆ ಅಂತ ಗನ್ ತಗೊಳ್ಳುವ ಯೋಚನೆ ಇದ್ದರೆ ಇಲ್ಲೇ ಬಿಡಿ. 1972ರ ವನ್ಯಜೀವಿ ಕಾಯ್ದೆ ಅಡಿ ಕೇಸ್ ಬೀಳುತ್ತದೆ, ಅದೂ ಅಲ್ಲದೆ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ತಗುಲಿದ ಪ್ರಾಣಿ ಅಲ್ಲೇ ಸಾಯದೆ ನರಳುತ್ತದೆ.

ಈಗ ಗನ್. ಮುಖ್ಯವಾಗಿ ಎರಡು ಜಾತಿ. ಒಂದು ಸ್ಪ್ರಿಂಗ್: ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿ ಒತ್ತುತ್ತದೆ. ಇನ್ನೊಂದು ಪಿಸಿಪಿ: ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಸಿ ಇಡುವುದು, ಮ್ಯಾಚ್ ರೈಫಲ್‌ಗಳಲ್ಲಿ, ಅಂದರೆ ಸ್ಪರ್ಧೆಯ ಗನ್‌ಗಳಲ್ಲಿ, ಸುಮಾರು 200 ಬಾರ್ ಒತ್ತಡ. ಪಿಸಿಪಿ ಬಹುತೇಕ ಅಲುಗುವುದೇ ಇಲ್ಲ, ಹೊಸಬರಿಗೂ ಬೇಗ ಗುರಿ ಸಿಗುತ್ತದೆ. ಆದರೆ ಗಾಳಿ ತುಂಬಿಸುವ ಪಂಪ್ ಬೇಕು, ಸೀಲ್ ಹೋದರೆ ರಿಪೇರಿ ಬೇಕು, ಸಿಲಿಂಡರ್ ಮೇಲೆ ಬರೆದಿರುವ ಅವಧಿ ಮುಗಿದರೆ ಬದಲಿಸಬೇಕು. ಸ್ಪ್ರಿಂಗ್ ಗನ್ನಿಗೆ ಈ ರಗಳೆ ಕಮ್ಮಿ, ಎಲ್ಲಿ ಬೇಕಾದರೂ ಹೊಡೆಯಬಹುದು. ಆದರೆ ಅದು ಒಂದು ಸಲ ಹಿಂದಕ್ಕೆ, ತಕ್ಷಣ ಮುಂದಕ್ಕೆ, ಹೀಗೆ ಎರಡು ಸಲ ಒದೆಯುತ್ತದೆ. ಗಟ್ಟಿ ಹಿಡಿದರೆ ಗುರಿ ತಪ್ಪುತ್ತದೆ. ತೆರೆದ ಅಂಗೈ ಮೇಲೆ ಸುಮ್ನೆ ಕೂರಿಸಿ, ಅದು ಹೇಗೆ ಅಲುಗುತ್ತೋ ಹಾಗೇ ಅಲುಗಲು ಬಿಡಬೇಕು. ಇದು ಕೈಗೆ ಬರಲು ನನಗೆ ಎರಡು ತಿಂಗಳು ಹಿಡಿಯಿತು.

ನಿಮ್ಮ ಆಸೆ ಸ್ಪರ್ಧೆ ಅಂತಿದ್ದರೆ, ಅಂದರೆ 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಅದೇ 10 ಮೀಟರ್ ಆಟ, ಸದ್ಯಕ್ಕೆ ಏನೂ ತಗೋಬೇಡಿ. ಹತ್ತಿರದ ಶೂಟಿಂಗ್ ರೇಂಜ್‌ಗೆ ಸೇರಿ ಕ್ಲಬ್ ಗನ್ನಲ್ಲೇ ಹೊಡೆಯಿರಿ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಥರ್ ರೈಫಲ್‌ಗಳಿಗೆ ಲಕ್ಷಕ್ಕೂ ಮೀರಿ ಸುರಿಯಬೇಕು. ಆರು ತಿಂಗಳಾದರೂ ಹೊಡೆಯದೆ ನಿಮ್ಮ ಅಳತೆ ನಿಮಗೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ, ಖುಷಿಗೆ ಅಂತಾದರೆ ನಮ್ಮ ಪ್ರೆಸಿಹೋಲ್ ತರಹದ ದೇಶೀ ಕಂಪನಿಯ ಸಾದಾ ಸ್ಪ್ರಿಂಗ್ ಗನ್ ಸಾಕು ಅಂತ ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಹೀಗೆ ಮಾಡಿ. ಗನ್ನಿನ ಹಿಂಭಾಗವನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿಯಿರಿ, ತೋರುಬೆರಳಿನ ತುದಿ ಟ್ರಿಗರ್‌ಗೆ ಸಲೀಸಾಗಿ ಮುಟ್ಟಬೇಕು. ಆಮೇಲೆ ಕಣ್ಣು ಮುಚ್ಚಿ, ಭುಜಕ್ಕೆ ಏರಿಸಿ, ಕೆನ್ನೆ ಒರಗಿಸಿ, ಈಗ ಕಣ್ಣು ಬಿಡಿ. ನಳಿಗೆ ಮೇಲೆ ಗುರಿ ನೋಡಲು ಇರುವ ಹಿಂದಿನ ಸೈಟ್, ಮುಂದಿನ ಸೈಟ್ ಎರಡೂ ನೇರ ಕಣ್ಣ ಮುಂದೆ ಇದ್ದರೆ ಅದು ನಿಮ್ಮ ಗನ್. ಕತ್ತು ಬಗ್ಗಿಸಿ ಹುಡುಕಬೇಕಾದರೆ ಅಲ್ಲ. ಹಾಗೇ ಗೋಡೆಯ ಮೇಲಿನ ಒಂದು ಮೊಳೆ ನೋಡುತ್ತಾ ಒಂದು ನಿಮಿಷ ಹಿಡಿದು ನಿಲ್ಲಿ. ಮೊದಲ ಹತ್ತು ಸೆಕೆಂಡ್ ಎಲ್ಲಾ ಗನ್ನೂ ಹಗುರ, ನಲವತ್ತನೇ ಸೆಕೆಂಡಿಗೆ ಎಡಗೈ ನಿಜ ಹೇಳುತ್ತದೆ. ಎಡಚರು ಎರಡೂ ಕಡೆ ಒಂದೇ ಆಕಾರ ಇರುವ ಸ್ಟಾಕ್, ಅಂದರೆ ಭುಜಕ್ಕೆ ಒರಗಿಸುವ ಹಿಡಿ, ಕೇಳಿ. ಒಂದು ಮಾತು, ಸ್ಪ್ರಿಂಗ್ ಗನ್ನನ್ನು ಪೆಲೆಟ್ ಹಾಕದೆ ಹೊಡೆಯಬೇಡಿ. ತಡೆಯಲು ಏನೂ ಇಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತದೆ, ಒಳಗಿನ ಸೀಲ್ ಹಾಳಾಗುತ್ತದೆ.

ತಂದ ಮೇಲೆ? ನಾಲ್ಕು ಡಬ್ಬ ಪೆಲೆಟ್, ಡಬ್ಬಕ್ಕೆ 500 ಅಂದರೆ ಎರಡು ಸಾವಿರ, ಖಾಲಿಯಾಗುವ ತನಕ ಏನೂ ಬದಲಿಸಬೇಡಿ. ಹೊಸ ಗನ್ನಿನೊಳಗಿನ ಗ್ರೀಸು, ಎಣ್ಣೆ ಸುಟ್ಟು ಮುಗಿಯಬೇಕು, ಸ್ಪ್ರಿಂಗ್ ಕೂರಬೇಕು, ನಿಮ್ಮ ಕೈಯೂ ಕೂರಬೇಕು. ಅಷ್ಟರಲ್ಲಿ ಪೆಲೆಟ್ ಪರೀಕ್ಷೆ ಮಾಡಿ. ನನ್ನ ಮಟ್ಟಿಗೆ ಸ್ಕೋಪ್‌ಗಿಂತ (ಗನ್ ಮೇಲೆ ಕೂರಿಸುವ ದುರ್ಬೀನು) ದೊಡ್ಡ ಬದಲಾವಣೆ ತಂದದ್ದು ಇದೇ. ಚಪ್ಪಟೆ ತಲೆಯ ಪೆಲೆಟ್ ಮೂರ್ನಾಲ್ಕು ಬ್ರಾಂಡ್ ತನ್ನಿ, ಮೂಟೆ ಮೇಲೆ ಕೈ ಒರಗಿಸಿ 10 ಮೀಟರ್‌ನಿಂದ ಪ್ರತಿಯೊಂದರಲ್ಲೂ ಐದೈದು ಹೊಡೆಯಿರಿ. ನನ್ನ ಗನ್ನಲ್ಲಿ ಒಂದು ಬ್ರಾಂಡ್ ಐದು ತೂತನ್ನೂ ರೂಪಾಯಿ ನಾಣ್ಯದಷ್ಟು ಹರಡಿತು, ಇನ್ನೊಂದು ಹುಣಸೆ ಬೀಜದಷ್ಟು ಜಾಗದಲ್ಲಿ ಮುಗಿಸಿತು. ಗನ್ ಅದೇ, ಕೈ ಅದೇ!

ಗುರಿಯ ಹಿಂದೆ ಹಳೇ ಪೇಪರ್ ತುಂಬಿದ ದಪ್ಪ ಪೆಟ್ಟಿಗೆ, ಅದರ ಹಿಂದೆ ಹಲಗೆ ಇಡಿ. ಕಲ್ಲು, ಕಬ್ಬಿಣಕ್ಕೆ ಹೊಡೆದರೆ ಪೆಲೆಟ್ ವಾಪಸ್ ಬರುತ್ತದೆ, ಕನ್ನಡಕ ಹಾಕಲೇಬೇಕು. ಬೆಂಗಳೂರಿನ ಟೆರೇಸ್ ಮೇಲಂತೂ ದಯವಿಟ್ಟು ಬೇಡ.

ಈಗ ಬಿಚ್ಚುವ ವಿಷಯ. ನಾನು ಮಾಡಿದ ತಪ್ಪು ಹೇಳುತ್ತೇನೆ. ಎಲ್ಲೋ ಒಂದು ಗಟ್ಟಿ ಸ್ಪ್ರಿಂಗ್ ಸಿಕ್ಕಿತು, ಹಾಕಿದೆ. ಸದ್ದು ಜೋರಾಯಿತು, ಎದೆ ಉಬ್ಬಿತು. ನಲವತ್ತು ಹೊಡೆಯುವಷ್ಟರಲ್ಲಿ ಸ್ಕೋಪ್ ಒಳಗಿನ ಗೆರೆ ವಾಲಿ ಕೂತಿತ್ತು, ಯಾಕೆಂದರೆ ಸಾದಾ ಸ್ಕೋಪ್ ಹಿಂದಕ್ಕೆ ಒದೆಯುವುದನ್ನು ತಡೆಯುತ್ತದೆ, ಮುಂದಕ್ಕೆ ಎಳೆಯುವುದನ್ನು ಅಲ್ಲ. ಅದಕ್ಕೂ ಮೊದಲು ಯಾರೋ ಹೇಳಿದರು ಅಂತ ಪಿಸ್ಟನ್ ಓಡುವ ಸಿಲಿಂಡರ್‌ಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಡಂ ಅಂತ ಸದ್ದು, ನಳಿಗೆಯಿಂದ ನೀಲಿ ಹೊಗೆ, ಅಮ್ಮ ಒಳಗಿಂದ "ಏನೋ ಅದು, ಒಗ್ಗರಣೆ ಸೀಯ್ತಾ?" ಅಂತ ಕೂಗಿದರು. ಒತ್ತಿದ ಗಾಳಿ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ, ಸೀಲ್ ಸುಡುತ್ತದೆ.

ಪವರ್ ಹುಚ್ಚಿಗೆ ಒಂದು ಲೆಕ್ಕ. ಮ್ಯಾಚ್ ಪೆಲೆಟ್ ತೂಕ ಸುಮಾರು 0.53 ಗ್ರಾಂ. ಒಲಿಂಪಿಕ್ಸ್‌ನ ರೈಫಲ್ ಅದನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಬಿಡುತ್ತದೆ, ಅಂದರೆ 8 ಜೂಲ್‌ಗೂ ಕಮ್ಮಿ. ಅಷ್ಟರಲ್ಲೇ ಅರ್ಧ ಮಿ.ಮೀ. ಚುಕ್ಕೆ ಹೊಡೆಯುತ್ತಾರೆ. ಅದೇ ಪೆಲೆಟ್ 275 ಮೀಟರ್ ವೇಗಕ್ಕೆ ಹೋದರೆ 20 ಜೂಲ್ ದಾಟುತ್ತದೆ, ಆಗ ನಿಮ್ಮ ಕೈಲಿರುವುದು ಲೈಸೆನ್ಸ್ ಇಲ್ಲದ ಆಯುಧ. ಸ್ಪ್ರಿಂಗ್, ವಾಲ್ವ್, ನಳಿಗೆ, ಈ ಮೂರನ್ನು ಮುಟ್ಟಬೇಡಿ.

ಬದಲಿಸಬೇಕಾದ್ದು ನಿಮ್ಮ ಮೈಗೆ ತಾಗುವ ಭಾಗಗಳನ್ನು. ಸ್ಟಾಕ್ ಮೇಲೆ ಕೆನ್ನೆ ಒರಗುವ ಜಾಗ ತಗ್ಗಾದರೆ ಹಳೇ ಯೋಗಾ ಮ್ಯಾಟ್ ತುಂಡು ಇಟ್ಟು ಸೈಕಲ್ ಟ್ಯೂಬ್ ಕಟ್ಟಿ, ಎತ್ತರ ಸರಿ ಅನ್ನಿಸಿದ ಮೇಲೆ ಬೇಕಾದರೆ ಮರದ್ದು ಮಾಡಿಸಿ. ಸ್ಟಾಕ್ ಗಿಡ್ಡ ಅನ್ನಿಸಿದರೆ ಹಿಂದೆ ರಬ್ಬರ್ ಸೇರಿಸಿ. ಟ್ರಿಗರ್‌ಗೆ ಸ್ಕ್ರೂ ಕೊಟ್ಟಿದ್ದರೆ ಪುಸ್ತಕದಲ್ಲಿ ಹೇಳಿದಷ್ಟೇ ತಿರುಗಿಸಿ, ಒಳಗೆ ಅರ ಹಾಕಿ ಉಜ್ಜುವುದು ಬೇಡವೇ ಬೇಡ, ಮುಟ್ಟಿದರೆ ಸಿಡಿಯುವ ಗನ್ ಮನೆಯಲ್ಲಿ ಯಾರಿಗೂ ಒಳ್ಳೆಯದಲ್ಲ. ಸ್ಪರ್ಧೆಯ ಕಡೆ ಮನಸ್ಸಿದ್ದರೆ ಸ್ಕೋಪ್ ಬದಲು ಸಣ್ಣ ತೂತಿನ ಪೀಪ್ ಸೈಟ್‌ಗೆ ದುಡ್ಡು ಹಾಕಿ, 10 ಮೀಟರ್ ಪಂದ್ಯದಲ್ಲಿ ಸ್ಕೋಪ್ ಬಿಡುವುದಿಲ್ಲ. ಇನ್ನು ಗುರಿ ಇದ್ದಕ್ಕಿದ್ದಂತೆ ಕೆಟ್ಟರೆ ಏನನ್ನೂ ಕೊಳ್ಳುವ ಮೊದಲು ಸ್ಟಾಕ್ ಸ್ಕ್ರೂ ಬಿಗಿ ಮಾಡಿ ನೋಡಿ. ನನ್ನ ಹತ್ತಿರ "ಗನ್ ಸರಿ ಇಲ್ಲ" ಅಂತ ತಂದವರಲ್ಲಿ ಅರ್ಧ ಜನ ಒಂದು ಸ್ಕ್ರೂಡ್ರೈವರ್‌ನಲ್ಲೇ ವಾಪಸ್ ಹೋಗಿದ್ದಾರೆ.

ಬಿಚ್ಚಿದ ಸೈಟ್, ಸ್ಕ್ರೂ, ವಾಷರ್ ಎಲ್ಲಾ ಒಂದು ಡಬ್ಬದಲ್ಲಿ ಹಾಕಿ ಮೇಲೆ ಹೆಸರು ಬರೆದಿಡಿ. ನಾಳೆ ಮಾರಲು ಹೋದಾಗ ಕೊಳ್ಳುವವರು ಮೊದಲು ಕೇಳುವುದು "ಒರಿಜಿನಲ್ ಪಾರ್ಟ್ಸ್ ಇದೆಯಾ" ಅಂತಲೇ. ನನ್ನ ಹತ್ತಿರ ಇರಲಿಲ್ಲ, ಅರ್ಧ ರೇಟಿಗೆ ಹೋಯಿತು.